ಟಾಕೀಸಿನ ಪೇಜಿನಲ್ಲಿ ಎರಡು ಪಕ್ಷ

೨೦೧೪ರಲ್ಲಿ ನಾನು ಚಿಕ್ಕೋಡಿಯ ಒಂದು ಚಿತ್ರಮಂದಿರದ ಮ್ಯಾನೇಜರ್ ಆಗಿದ್ದೆ. ಸೇನೆಯ ಸಿಗ್ನಲ್ ವಿಭಾಗದಿಂದ ಹವಾಲ್ದಾರನಾಗಿ ನಿವೃತ್ತನಾಗಿ ಬಂದವನಿಗೆ ಟಾಕೀಸಿನ ಕೆಲಸ ಏನು ಗೊತ್ತು ಎಂದು ಸೇರುವಾಗ ಹಲವರು ಕೇಳಿದ್ದರು. ನನಗೆ ಗೊತ್ತಿದ್ದದ್ದು ಒಂದೇ. ಮ್ಯಾಟಿನಿ ಹನ್ನೆರಡೂವರೆಗೆ ಎಂದು ಬೋರ್ಡಿನಲ್ಲಿ ಬರೆದಿದ್ದರೆ ಹನ್ನೆರಡೂವರೆಗೆ ಪರದೆಯ ಮೇಲೆ ಬೆಳಕು ಬೀಳಬೇಕು. ಬಾಲ್ಕನಿಯಲ್ಲಿ ಶಾಸಕರಿದ್ದರೂ ಅಷ್ಟೇ, ಯಾರೂ ಇಲ್ಲದಿದ್ದರೂ ಅಷ್ಟೇ. ಮಾಲೀಕ ಅಣ್ಣಾಸಾಬರು ಆ ಒಂದು ಗುಣಕ್ಕಾಗಿಯೇ ನನ್ನನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದರು.

ರೀಲಿನ ಪೆಟ್ಟಿಗೆಗಾಗಿ ಕುಡಚಿ ಸ್ಟೇಷನ್ನಿಗೆ ಆಳು ಕಳಿಸುವ ಕಾಲ ಅಷ್ಟೊತ್ತಿಗೆ ಮುಗಿದಿತ್ತು. ಸಿನಿಮಾ ಉಪಗ್ರಹದಿಂದ ನೇರವಾಗಿ ನಮ್ಮ ಸರ್ವರಿಗೆ ಇಳಿಯುತ್ತಿತ್ತು. ಪೆಟ್ಟಿಗೆಯ ಚಿಂತೆ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಪೇಜಿನ ಚಿಂತೆ ಕೊರಳಿಗೆ ಬಿತ್ತು. "ನಿಪ್ಪಾಣಿಯವರದೂ ಐತಿ, ಅಥಣಿಯವರದೂ ಐತಿ. ನಮ್ಮ ಟಾಕೀಸಿಗೂ ಒಂದು ಪೇಜ್ ಬೇಕ್ರಿ" ಎಂದು ಅಣ್ಣಾಸಾಬರು ಎರಡು ವರ್ಷದ ಹಿಂದೆಯೇ ಸಾಮಾಜಿಕ ಜಾಲತಾಣದಲ್ಲಿ ಒಂದು ಪೇಜ್ ತೆರೆಸಿ, ಅದರ ಉಸ್ತುವಾರಿಯನ್ನು ನನಗೆ ಒಪ್ಪಿಸಿದ್ದರು.

ನಾನು ಅದನ್ನು ಕಚೇರಿಯ ಟಪಾಲಿನಂತೆ ನಡೆಸಿದೆ. ದಿನವೂ ಬೆಳಗ್ಗೆ ಹತ್ತಕ್ಕೆ ಕುಳಿತು ಹಿಂದಿನ ದಿನದ ಕಮೆಂಟುಗಳನ್ನು ಮೇಲಿನಿಂದ ಕೆಳಗೆ ಓದಿ, ಉತ್ತರ ಬೇಕಿದ್ದವಕ್ಕೆ ಉತ್ತರ ಬರೆದು, ಕಂಪ್ಯೂಟರ್ ಮುಚ್ಚಿಬಿಡುತ್ತಿದ್ದೆ. ಆಮೇಲೆ ಯಾರು ಏನು ಬರೆದರೂ ಮರುದಿನ ಹತ್ತಕ್ಕೇ. ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು, ನಡುನಡುವೆ ಮರಾಠಿ. ಬಾಯಿಬಿಟ್ಟು ಓದಿಕೊಂಡರಷ್ಟೇ ತಿಳಿಯುತ್ತಿತ್ತು. ಓದಿ ಮುಗಿಸುವ ಹೊತ್ತಿಗೆ ತಲೆ ಭಾರವಾಗಿರುತ್ತಿತ್ತು.

ಆ ಕಮೆಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಬ್ಬರವೇ. ಒಬ್ಬರು ಶೇಡಬಾಳದ ದ್ರಾಕ್ಷಿ ತೋಟದ ಜಿನ್ನಪ್ಪ. ಇನ್ನೊಬ್ಬರು ಶೋಭಾ. ಪೇಜಿನಲ್ಲಿ ಅಷ್ಟೇ ಹೆಸರಿತ್ತು, ಊರಿಲ್ಲ, ಉದ್ಯೋಗವಿಲ್ಲ. ಒಂದು ಭಾನುವಾರ ಮ್ಯಾಟಿನಿಗೆ ಬಂದವರು ಕೌಂಟರಿನಲ್ಲಿ "ನಿಮ್ಮ ಪೇಜಿನ ಶೋಭಾ ನಾನs ರಿ" ಎಂದು ನಕ್ಕಿದ್ದರಿಂದ ನನಗೆ ಗುರುತಾಗಿತ್ತು. ಏಕಸಂಬಿಯ ಕಡೆ ಸರ್ಕಾರಿ ದವಾಖಾನೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು ಮೂವತ್ತರ ಆಸುಪಾಸು.

ಇಬ್ಬರ ಜಗಳಕ್ಕೂ ಮೂಲ ಒಂದು ಮೊಬೈಲ್ ಕಂಪನಿ. ಆಗ ಸಿನಿಮಾದವರಿಗೂ ಫೋನಿನವರಿಗೂ ಟೈ-ಅಪ್ ನಡೆಯುತ್ತಿತ್ತು. ಕಂಪನಿ ಸಿನಿಮಾದ ಪೋಸ್ಟರಿಗೆ ಹಣ ಹಾಕುವುದು, ಸಿನಿಮಾದ ನಾಯಕ ಆ ಕಂಪನಿಯ ಫೋನಿನಲ್ಲಿ ಮಾತಾಡುವುದು. ನಾವು ಪೇಜಿನಲ್ಲಿ ಅಂಥ ಪೋಸ್ಟರ್ ಹಾಕಿದರೆ ಸಾಕು, ಜಿನ್ನಪ್ಪ ಕಂಪನಿಯನ್ನು ಹೊಗಳುತ್ತಿದ್ದರು, ಶೋಭಾ ತೆಗಳುತ್ತಿದ್ದರು.

"ಜಗತ್ತಿನ್ಯಾಗ ಇಂಥಾ ಕ್ಯಾಮೆರಾ ಯಾರೂ ಮಾಡಿಲ್ಲ. ದ್ರಾಕ್ಷಿ ಗೊನಿ ಫೋಟೋ ತಗದ್ರ ಫೋನ್ ಮ್ಯಾಲ ನೊಣ ಬಂದು ಕುಂಡ್ರತಾವ" ಎಂದು ಜಿನ್ನಪ್ಪ ಬರೆದರೆ, "ನೊಣ ಕುಂಡ್ರೂದು ಫೋಟೋಕ್ಕಲ್ರಿ ಕಾಕಾ, ನಿಮ್ಮ ಕೈಗೆ ಹತ್ತಿದ ಬೆಲ್ಲಕ್ಕ" ಎಂದು ಶೋಭಾ. ಕೆಳಗೆ ರಾಯಬಾಗದಿಂದ ಕಾಗವಾಡದವರೆಗೆ ಜನ ಸೇರಿಕೊಂಡು ಶಿಳ್ಳೆ ಹಾಕುತ್ತಿದ್ದರು. "ದಯವಿಟ್ಟು ಸಭ್ಯತೆ ಕಾಪಾಡಿರಿ. ಮ್ಯಾನೇಜರ್" ಎಂದು ನಾನು ಎಷ್ಟು ಸಲ ಬರೆದೆನೋ. ಅದಕ್ಕೆ ಇಬ್ಬರೂ ಒಂದಾಗಿ "ಹೌದ್ರಿ ಸಾಹೇಬ್ರ" ಎನ್ನುತ್ತಿದ್ದರು. ಮರುದಿನ ಮತ್ತೆ ಶುರು.

ಆ ಬೇಸಿಗೆಯಲ್ಲಿ ಒಂದು ದೊಡ್ಡ ಸಿನಿಮಾ ಬಂತು. ಟೈ-ಅಪ್ ಅದೇ ಮೊಬೈಲ್ ಕಂಪನಿಯದು. ಬಿಡುಗಡೆಗೆ ಮೊದಲೇ ಬೆಂಗಳೂರಿನಲ್ಲಿ ಯಶಸ್ಸಿನ ಸಮಾರಂಭ ನಡೆದಿತ್ತು. ಆ ಫೋಟೋವನ್ನು ಪೇಜಿನಲ್ಲಿ ಹಾಕಬೇಕೆಂದು ವಿತರಕರಿಂದ ಸೂಚನೆ ಬಂತು, ಹಾಕಿದೆ. ವಿತರಕರೆಂದರೆ ಸಿನಿಮಾವನ್ನು ನಿರ್ಮಾಪಕರಿಂದ ಕೊಂಡು ನಮ್ಮಂಥ ಟಾಕೀಸುಗಳಿಗೆ ಹಂಚುವವರು.

ಶೋಭಾ ಬರೆದರು: "ನಮ್ಮ ದವಾಖಾನ್ಯಾಗ ಹೆರಿಗಿಗಿಂತ ಮೊದ್ಲ ಪೇಢೆ ಹಂಚೂ ಮಂದಿನ್ನ ನೋಡೀನಿ. ಆದ್ರ ಅವರು ಕೂಸು ನೋಡಾಕ ಟಿಕೆಟ್ ಮಾರೂದಿಲ್ಲ."

ಜಿನ್ನಪ್ಪ ಬರೆದರು: "ಪೇಢೆ ಸಿಹಿ ಇದ್ರ ತಿನ್ರಿ ಸಿಸ್ಟರ್. ಕೂಸು ಯಾರನ್ನ ಹೋಲತೈತಿ ಅಂತ ಆಮ್ಯಾಲ ನೋಡೂಣು."

ಸಿನಿಮಾ ಬಂತು, ಮೊದಲ ದಿನವೇ ಸೋತಿತು. ಶನಿವಾರ ಶೋಭಾ ಇನ್ನೊಂದು ಬರೆದರು: "ನಾಯಕ ಫೋನ್ ತಗದಿದ್ದು ಹನ್ನೊಂದ ಸರ್ತಿ, ನಾಯಕಿ ಮಾರಿ ನೋಡಿದ್ದು ನಾಕ ಸರ್ತಿ. ಫೋನಿನ ಕೂಡನ ಲಗ್ನ ಮಾಡಬೇಕಿತ್ತು." ಈ ಮಾತು ಸುತ್ತಲಿನ ಊರುಗಳನ್ನೆಲ್ಲ ಸುತ್ತಿತು. ಭಾನುವಾರ ಸಂಜೆಯ ಆಟದಲ್ಲಿ ನಾಯಕ ಕಿಸೆಗೆ ಕೈ ಹಾಕಿದ ಕೂಡಲೇ ಮುಂದಿನ ಸಾಲಿನವರು "ಒಂದೂ..." ಎಂದು ಕೂಗಿದರು. ಎರಡನೆಯ ಸಲಕ್ಕೆ ಬಾಲ್ಕನಿಯೂ ಸೇರಿತು. ಹನ್ನೊಂದಕ್ಕೆ ಇಡೀ ಟಾಕೀಸು ಎದ್ದು ನಿಂತು ಚಪ್ಪಾಳೆ ತಟ್ಟಿತು. ಬೇರೆ ಊರುಗಳಲ್ಲಿ ಸೋಮವಾರವೇ ಖಾಲಿಯಾದ ಸಿನಿಮಾ ನಮ್ಮಲ್ಲಿ ಎಣಿಸುವವರಿಂದಾಗಿ ಗುರುವಾರದವರೆಗೆ ಓಡಿತು.

ಬುಧವಾರ ಹುಬ್ಬಳ್ಳಿಯಿಂದ ವಿತರಕರ ಪ್ರತಿನಿಧಿ ಪ್ರಭಾಕರ ಬಂದರು. ಕೈಯಲ್ಲಿ ಶೋಭಾರ ಕಮೆಂಟುಗಳ ಪ್ರಿಂಟ್ ಇತ್ತು. ಮೊಬೈಲ್ ಕಂಪನಿಯವರು ಸಿಟ್ಟಾಗಿದ್ದರು, ಸಿನಿಮಾದ ಸೋಲಿಗೆ ಕಾರಣ ಕೇಳುತ್ತಿದ್ದರು.

"ಈಕೆ ಸರ್ಕಾರಿ ನರ್ಸ್ ಅಂತ ಅವಳ ಮಾತಿನಿಂದಲೇ ಗೊತ್ತಾಗುತ್ತದೆ. ಯಾವ ದವಾಖಾನೆ ಅಂತ ನೀವು ಬರೆದು ಸಹಿ ಹಾಕಿಕೊಡಿ. ಇಲಾಖೆಗೆ ದೂರು ಕೊಡುತ್ತೇವೆ" ಎಂದರು. ನೊಂದ ಗ್ರಾಹಕ ಎಂದು ಇನ್ನೊಂದು ಸಹಿಯೂ ಬೇಕಿತ್ತು. ಅದಕ್ಕೆ ಅವರು ಜಿನ್ನಪ್ಪನನ್ನು ಆರಿಸಿದ್ದರು. ಎರಡು ವರ್ಷದಿಂದ ಕಂಪನಿಯ ಪರವಾಗಿ ಆ ಹೆಂಗಸಿನಿಂದ ಬೈಗುಳ ತಿಂದವನಲ್ಲವೇ! ಮರುದಿನ ಬರುವಂತೆ ಫೋನನ್ನೂ ಮಾಡಿಬಿಟ್ಟಿದ್ದರು.

ಆರೋಪಿ ಎದುರಿಗಿಲ್ಲದೆ ಆರೋಪ ಓದಬಾರದು ಎಂಬುದು ಪಲ್ಟನ್ನಿನಲ್ಲಿ ಕಲಿತ ಪಾಠ. ಶೋಭಾರಿಗೆ ನಾನೇ ವಿಷಯ ತಿಳಿಸಿದೆ. ಬಾರದಿದ್ದರೂ ತಪ್ಪಿಲ್ಲ ಎಂದೆ. ಅವರು ಗುರುವಾರ ಬೆಳಗ್ಗೆ ಹತ್ತಕ್ಕೆ ಮೊದಲೇ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದರು. ಕಣ್ಣು ಕೆಂಪಾಗಿದ್ದವು. ಪ್ರಭಾಕರ ಇನ್ನೂ ಬಂದಿರಲಿಲ್ಲ.

"ಪ್ರೊಬೇಷನ್ ಮುಗಿಯಾಕ ಇನ್ನ ಆರ ತಿಂಗಳ ಐತ್ರಿ ಸಾಹೇಬ್ರ" ಎಂದರು. ಪ್ರೊಬೇಷನ್ ಎಂದರೆ ನೌಕರಿ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ. ಆಗ ಬಂದ ಒಂದು ದೂರು ಸಾಕು. "ಮನ್ಯಾಗ ದುಡಿಯಾಕಿ ನಾ ಒಬ್ಬಾಕಿ. ಅವ್ವ, ತಮ್ಮ, ನನ್ನ ಮಗಳು, ಎಲ್ಲಾರೂ ಇದರ ಮ್ಯಾಲನ ಅದೀವಿ. ನಗಸಾಕ ಬರದೀನ್ರಿ. ಯಾರದರೆ ಹೊಟ್ಟಿ ಮ್ಯಾಲ ಹೊಡಿಯಾಕಲ್ಲ."

ಪ್ರಭಾಕರ ಬಂದ ಹಿಂದೆಯೇ ಜಿನ್ನಪ್ಪ ಬಂದರು. ಐವತ್ತು ದಾಟಿದ ಬಿಳಿ ಟೋಪಿಯ ಮನುಷ್ಯ, ಕೈಯಲ್ಲಿ ಒಣದ್ರಾಕ್ಷಿಯ ಚೀಲ. ಅವರನ್ನು ನಾನೂ ನೋಡಿದ್ದು ಅದೇ ಮೊದಲು.

"ಯಾರ್ರಿ ಆ ಸಿಸ್ಟರ್?" ಎಂದು ಬಾಗಿಲಲ್ಲೇ ಕೇಳಿದರು.

"ನಾನs ರಿ ಕಾಕಾ."

"ಇಷ್ಟ ಸಣ್ಣಾಕಿ ಏನವಾ ನೀ! ಆ ನಾಲಿಗಿ ನೋಡಿ ನನ್ನ ವಾರಿಗಿಯಾಕಿ ಅಂತ ತಿಳದಿದ್ದೆ." ಚೀಲವನ್ನು ಅವರ ಮುಂದಿಟ್ಟರು. "ತಗೋ. ಬೆಲ್ಲ ಹತ್ತಿಲ್ಲ ಇದಕ್ಕ, ನೋಡಕೋ."

ಶೋಭಾ ನಗಲಿಲ್ಲ. ಜಿನ್ನಪ್ಪ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿ ಕುಳಿತರು. ಪ್ರಭಾಕರ ಟೈಪ್ ಮಾಡಿ ತಂದ ಕಾಗದ ಕೊಟ್ಟರು. ಜಿನ್ನಪ್ಪ ಚಷ್ಮಾ ಹಾಕಿಕೊಂಡು ಎರಡು ಸಲ ಓದಿದರು.

"ನನಗ ಮಾನಸಿಕ ನೋವಾಗೈತಿ ಅಂತ ಬರದೀರಲ್ರಿ ಇದರಾಗ?"

"ಎರಡು ವರ್ಷದಿಂದ ನಿಮ್ಮನ್ನು ಹೀಯಾಳಿಸಿದ್ದಾರಲ್ಲ."

"ಅದು ಸವಾಲ್ರಿ. ನಾ ಜವಾಬ ಕೊಟ್ಟೀನಿ. ಸವಾಲ ಹಾಕಿದಾಕಿ ಮ್ಯಾಲ ಕೇಸ್ ಮಾಡಿದ್ರ ನಾಳೆ ನನ್ನ ಎದುರಿಗೆ ಯಾರು ಕುಂಡ್ರಬೇಕು?"

ಅಷ್ಟರಲ್ಲಿ ಜಿನ್ನಪ್ಪನ ಫೋನು ರಿಂಗಾಯಿತು. ಕಿಸೆಯಿಂದ ಹೊರಬಂದದ್ದು ಬೇರೆ ಕಂಪನಿಯ ಅಗ್ಗದ ಫೋನು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್. ಪ್ರಭಾಕರ ಅದನ್ನೇ ದಿಟ್ಟಿಸಿದರು. "ನೀವು ಆ ಕಂಪನಿಯ ಫೋನ್ ಬಳಸುವುದಿಲ್ಲವೇ?"

"ಅಷ್ಟು ರೊಕ್ಕ ಕೊಟ್ಟು ಯಾರ ತಗೋತಾರ್ರಿ ಅದನ್ನ?"

ಆಗ ಶೋಭಾ ಪರ್ಸು ತೆರೆದು ತಮ್ಮ ಫೋನನ್ನು ಮೇಜಿನ ಮೇಲಿಟ್ಟರು. ಎರಡು ವರ್ಷದಿಂದ ಅವರು ಬೈದ ಕಂಪನಿಯದೇ. "ಛಲೋ ಐತ್ರಿ ಫೋನು. ಕ್ಯಾಮೆರಾನೂ ಛಲೋ ಐತಿ" ಎಂದರು ಮೆಲ್ಲಗೆ.

"ಹಾಗಾದರೆ ಇಬ್ಬರೂ ಸುಳ್ಳು ಬರೆದಿರಾ?"

"ಸುಳ್ಳಲ್ರಿ. ಕಾಕಾ ಮೊದ್ಲ ಬಂದು ಹೊಗಳಿದ್ರು. ನನಗ ಉಳದದ್ದು ಬೈಯೂ ಪಕ್ಷ."

ಪ್ರಭಾಕರ ನನ್ನ ಕಡೆ ನೋಡಿದರು. ನಮ್ಮ ಕಡೆಯ ಹರದೇಶಿ-ನಾಗೇಶಿ ಹಾಡಿಕೆಯ ಬಗ್ಗೆ ಹೇಳಿದೆ. ಎರಡು ಮೇಳ ಎದುರುಬದುರು ಕೂರುತ್ತವೆ. ಒಂದು ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಡಪ್ಪು ಬಾರಿಸಿ ಬೆಳಗಿನವರೆಗೆ ಒಬ್ಬರನ್ನೊಬ್ಬರು ಹಾಡಿನಲ್ಲೇ ಹರಿದು ಹಾಕುತ್ತಾರೆ. ಮಂಗಳ ಹಾಡಿದ ಮೇಲೆ ಒಂದೇ ಕಿಟ್ಲಿಯ ಚಹಾ ಕುಡಿದು ಎದ್ದು ಹೋಗುತ್ತಾರೆ. ಯಾರಿಗೆ ಯಾವ ಪಕ್ಷ ಎಂಬುದು ನಂಬಿಕೆಯ ಮಾತಲ್ಲ, ಕೂತ ಜಾಗದ ಮಾತು. ಚಿಕ್ಕಂದಿನಲ್ಲಿ ಎಷ್ಟೋ ಕೇಳಿದ್ದ ನಾನೂ ಪೇಜಿನಲ್ಲಿ ನಡೆಯುತ್ತಿರುವುದು ಅದೇ ಎಂದು ಆ ಹೊತ್ತಿನವರೆಗೆ ತಿಳಿದಿರಲಿಲ್ಲ.

ಪ್ರಭಾಕರ ಕೆಟ್ಟವರಲ್ಲ. ಹಣೆ ಒರೆಸಿಕೊಂಡು, "ಇದನ್ನೆಲ್ಲ ಮೇಲಿನವರಿಗೆ ಹೇಗೆ ತಿಳಿಸಲಿ? ಸಿನಿಮಾ ಸೋತಿದೆ. ಅವರಿಗೆ ಯಾರದಾದರೂ ಒಂದು ಹೆಸರು ಬೇಕು" ಎಂದರು.

"ನನ್ನ ಹೆಸರ ಕೊಡ್ರಿ" ಎಂದರು ಜಿನ್ನಪ್ಪ. "ಶೇಡಬಾಳದ ಜಿನ್ನಪ್ಪ ಎರಡು ವರ್ಷ ಹೊಗಳಿದ, ಅದಕ್ಕ ಮಂದಿ ಬರಲಿಲ್ಲ ಅಂತ ಬರೀರಿ."

ಪ್ರಭಾಕರರಿಗೂ ನಗು ಬಂತು, ನುಂಗಿಕೊಂಡರು. ಜಿನ್ನಪ್ಪನ ಸಹಿ ಸಿಗಲಿಲ್ಲವೆಂದ ಮೇಲೆ ಉಳಿದದ್ದು ನನ್ನದು. ಶೋಭಾ ಯಾವ ದವಾಖಾನೆಯವರು ಎಂದು ನಾನು ಬರೆದುಕೊಟ್ಟರೆ ದೂರು ಸಾಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಬರೆಯದಿದ್ದರೆ ದಸರೆಯ ದೊಡ್ಡ ಸಿನಿಮಾ ನಮಗೆ ಸಿಗುವುದಿಲ್ಲ ಎಂದು ಪ್ರಭಾಕರ ಮೊದಲೇ ಹೇಳಿದ್ದರು. ಅಣ್ಣಾಸಾಬರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಒಂದು ಸಹಿ ಅಲ್ಲೇನ್ರಿ? ಹಾಕಿ ಕಳಸ್ರಿ" ಎಂದರು ಮಾಲೀಕರು.

"ಸಾಹೇಬ್ರ, ಆ ಹೆಣಮಗಳು ಟಿಕೆಟ್ ತಗೊಂಡು ಬಂದು ನಕ್ಕಾಳ, ಮಂದಿನ್ನೂ ಟಿಕೆಟ್ ತಗಸಿ ನಗಸ್ಯಾಳ. ನಾ ಬರಿಯೂದಿಲ್ರಿ" ಎಂದೆ. ಆ ಕಡೆ ಫೋನು ಇಟ್ಟ ಸದ್ದು.

ಪ್ರಭಾಕರ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ದೂರು ಹೋಗಲಿಲ್ಲ. ದಸರೆಯ ಸಿನಿಮಾ ನಿಪ್ಪಾಣಿಯ ಪಾಲಾಯಿತು. ಹಬ್ಬದ ವಾರ ನಾವು ಹಳೆಯ ಸಿನಿಮಾ ಹಾಕಿ ಖಾಲಿ ಕುರ್ಚಿಗಳಿಗೆ ಹನ್ನೆರಡೂವರೆಗೆ ಸರಿಯಾಗಿ ತೋರಿಸಿದೆವು. ಅಣ್ಣಾಸಾಬರು ನನ್ನನ್ನು ಬಿಡಿಸಲಿಲ್ಲ. ಆದರೆ ಬಹಳ ದಿನ ಕೆಲಸದ ಮಾತಿಗಿಂತ ಹೆಚ್ಚು ಆಡಲಿಲ್ಲ.

ಶೋಭಾ ಬರೆಯುವುದನ್ನು ನಿಲ್ಲಿಸಿದರು. ಪ್ರೊಬೇಷನ್ ಮುಗಿದಾಗ ಟಾಕೀಸಿಗೆ ಬಂದು ಪೇಢೆಯ ಡಬ್ಬಿ ಕೊಟ್ಟು, "ಹೆರಿಗಿ ಆದ ಮ್ಯಾಲ ಹಂಚಾಕತ್ತೀನ್ರಿ" ಎಂದರು. ಪೇಜಿಗೆ ಮತ್ತೆ ಬರುವುದಿಲ್ಲವೇ ಎಂದು ಕೇಳಿದೆ. "ಬ್ಯಾಡ್ರಿ ಸಾಹೇಬ್ರ. ಬರಿಯಾಕ ಹೋದ್ರ ಆ ಕಾಗದ ಕಣ್ಣ ಮುಂದ ಬರತೈತಿ."

ಜಿನ್ನಪ್ಪ ಬಿಡಲಿಲ್ಲ. ಹೊಸ ಫೋನು, ಹೊಸ ಟ್ರೇಲರು, ಏನು ಬಂದರೂ ಆಕಾಶಕ್ಕೇರಿಸಿ ಹೊಗಳುತ್ತಿದ್ದರು. ಎದುರು ಪಕ್ಷವಿಲ್ಲದ ಹೊಗಳಿಕೆ ಜಾಹೀರಾತಿನಂತೆಯೇ ಕಾಣುತ್ತಿತ್ತು, ಯಾರೂ ಶಿಳ್ಳೆ ಹಾಕಲಿಲ್ಲ. ಕೆಲವು ತಿಂಗಳಾದ ಮೇಲೆ ಅವರೂ ಸುಮ್ಮನಾದರು. ಪೇಜಿನಲ್ಲಿ ಉಳಿದದ್ದು "ಶೋ ಎಷ್ಟಕ್ಕೆ?" ಎಂಬ ಪ್ರಶ್ನೆ ಮಾತ್ರ. ಹತ್ತು ಗಂಟೆಯ ಕೆಲಸ ಐದು ನಿಮಿಷಕ್ಕೆ ಮುಗಿಯತೊಡಗಿತು. ಇಷ್ಟು ವರ್ಷ ಬೇಡಿಕೊಂಡ ಸಭ್ಯತೆ ಕೊನೆಗೂ ಬಂದಿತ್ತು. ಅದನ್ನು ನೋಡುತ್ತ ಕೂರುವುದು ಮೊದಲಿಗಿಂತ ಹೆಚ್ಚು ದಣಿವಿನ ಕೆಲಸವಾಯಿತು.

೨೦೧೮ರಲ್ಲಿ ಟಾಕೀಸನ್ನು ಮುಚ್ಚಲು ಅಣ್ಣಾಸಾಬರು ನಿರ್ಧರಿಸಿದರು. ಆ ಜಾಗದಲ್ಲಿ ಮದುವೆಗಳಿಗಾಗಿ ಮಂಗಲ ಕಾರ್ಯಾಲಯ ಕಟ್ಟುವವರಿದ್ದರು. ಬೆಳಗ್ಗೆ ಹತ್ತಕ್ಕೆ ಪೇಜಿನಲ್ಲಿ ಬರೆದೆ: "ಭಾನುವಾರ ಸಂಜೆ ಆರೂವರೆಗೆ ಕೊನೆಯ ಆಟ. ಇಷ್ಟು ವರ್ಷ ಬಂದವರಿಗೆಲ್ಲ ವಂದನೆಗಳು. ಮ್ಯಾನೇಜರ್." ಕಂಪ್ಯೂಟರ್ ಮುಚ್ಚಿದೆ. ಮಧ್ಯಾಹ್ನ ಏಕೋ ತಡೆಯಲಾಗದೆ ಮತ್ತೆ ತೆರೆದೆ. ಎರಡು ಕಮೆಂಟು ಬಂದಿದ್ದವು.

ಶೋಭಾ: "ಕಡೀ ಆಟನಾದ್ರೂ ಟೈಮಿಗೆ ಸುರು ಮಾಡ್ತೀರೇನ್ರಿ ಸಾಹೇಬ್ರ?"

ಜಿನ್ನಪ್ಪ: "ಅವರ ಆಟ ಯಾವತ್ತ ತಡ ಆಗಿತ್ರಿ ಸಿಸ್ಟರ್? ಮೊದ್ಲ ನಿಮ್ಮ ಫೋನಿನ ಗಡಿಯಾರ ರಿಪೇರಿ ಮಾಡಸ್ರಿ."

ಕೆಳಗೆ ಶಿಳ್ಳೆಗಳು ಶುರುವಾಗಿದ್ದವು. ಮರುದಿನ ಹತ್ತರವರೆಗೆ ಕಾಯದೆ ಉತ್ತರ ಬರೆದೆ: "ಇಬ್ಬರೂ ಬನ್ನಿರಿ. ಸಭ್ಯತೆ ಕಾಪಾಡಬೇಕಿಲ್ಲ."

ಭಾನುವಾರ ಇಬ್ಬರೂ ಬಂದರು, ಬೇರೆ ಬೇರೆ ಸಾಲಿನಲ್ಲಿ ಕುಳಿತು ಆಟದುದ್ದಕ್ಕೂ ಕೂಗಾಡಿದರು. ಟಾಕೀಸಿನ ನೌಕರಿ ನನಗೆ ಕಲಿಸಿದ್ದು ಇಷ್ಟು: ಗದ್ದಲ ಮಾಡುವವರಿಗೆ ಮ್ಯಾನೇಜರ್ ಹೆದರಬೇಕಿಲ್ಲ, ಅವರು ಇನ್ನೂ ಕುರ್ಚಿಯಲ್ಲೇ ಇದ್ದಾರೆ. ಎದ್ದು ಹೋಗುವವರು ಸದ್ದು ಮಾಡುವುದಿಲ್ಲ.