ಹೊಲಿಗೆ ಬಿಚ್ಚಿದ ಪುಸ್ತಕ

ನಾನು ಪುಸ್ತಕ ಕದ್ದವಳಲ್ಲ, ಮುಚ್ಚಿಟ್ಟವಳು. ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ಎಂ.ಎ. ಎರಡನೇ ವರ್ಷದಲ್ಲಿ ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತಿದ್ದೆ. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದೇ ಪ್ರತಿ ಇರುವ ಪುಸ್ತಕಗಳನ್ನು ಹೊರಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಓದಬೇಕು. ನಾವು ಹಾಸ್ಟೆಲ್ಲಿನ ಹುಡುಗಿಯರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆವು. ಸಂಜೆ ಏಳುವಾಗ ಪುಸ್ತಕವನ್ನು ಅದರ ಜಾಗದಲ್ಲಿಡದೆ, ಯಾರೂ ಹಾಯದ ಕಪಾಟಿಗೆ ಸೇರಿಸಿ ಹೋಗುವುದು. ನನ್ನ ಜಾಗ ಜರ್ಮನ್ ನಿಘಂಟುಗಳ ಹಿಂದೆ. ಇಡೀ ಕ್ಯಾಂಪಸ್ಸಿನಲ್ಲಿ ಜರ್ಮನ್ ಕಲಿಯುವವರು ಒಬ್ಬರೂ ಇರಲಿಲ್ಲ.

ನನಗೆ ಬೇಕಾಗಿದ್ದು ನಮ್ಮ ಸೀಮೆಯ ಹಳೆಯ ಕಾಲುವೆ, ಕೆರೆ, ಹಳ್ಳಗಳ ಮೇಲಿನ ಒಂದು ದಪ್ಪ ಪುಸ್ತಕ. ಕಂಪ್ಲಿಯಲ್ಲಿ ನಮ್ಮ ಗದ್ದೆಗೆ ನೀರು ತರುವ ಕಾಲುವೆಯ ಮೇಲೆ ನಾನು ಕಿರುಪ್ರಬಂಧ ಬರೆಯುತ್ತಿದ್ದೆ. ಫೋನಿನಲ್ಲೇ ಸಿಗುತ್ತದಲ್ಲ ಎಂದು ಗೆಳತಿಯರು ಹೇಳಿದ್ದು ಸುಳ್ಳಲ್ಲ. ಯಾರೋ ಪುಣ್ಯಾತ್ಮರು ಪುಟಪುಟವನ್ನೂ ಸ್ಕ್ಯಾನ್ ಮಾಡಿ ಹಾಕಿದ್ದರು, ನಾನೂ ಕುಣಿದಾಡಿಕೊಂಡು ಇಳಿಸಿಕೊಂಡೆ. ಆದರೆ ಕೊನೆಗೆ ಅಂಟಿಸಿದ್ದ ದೊಡ್ಡ ನಕಾಶೆಯನ್ನು ಅವರು ಬಿಚ್ಚಿಯೇ ಇರಲಿಲ್ಲ, ಮಡಚಿದ್ದು ಮಡಚಿದ ಹಾಗೇ ಸ್ಕ್ಯಾನ್ ಆಗಿತ್ತು. ಕಾಣುತ್ತಿದ್ದುದು ಒಂದು ಮೂಲೆ ಮಾತ್ರ. ಅದರಲ್ಲಿ ಕಂಪ್ಲಿಯೂ ಇಲ್ಲ, ಕಾಲುವೆಯೂ ಇಲ್ಲ, ಉತ್ತರ ದಿಕ್ಕು ತೋರಿಸುವ ಒಂದು ಬಾಣ. ನನ್ನ ಮಾರ್ಗದರ್ಶಕರು ಆ ಬಾಣವನ್ನು ನೋಡಿ, ಇದನ್ನು ಹಿಡಿದುಕೊಂಡು ನೀನು ಯಾವ ಊರೂ ಮುಟ್ಟುವುದಿಲ್ಲ, ಮೂಲ ಪುಸ್ತಕ ನೋಡು ಎಂದರು.

ನೋಡಿದ ಮೇಲೆ ನನಗೂ ಅರ್ಥವಾಯಿತು. ಅದು ಮೂರು ಕಡೆ ಮೂರು ಬೆರಳು ಸಿಕ್ಕಿಸಿಕೊಂಡು ಓದುವ ಪುಸ್ತಕ. ಒಂದು ಬೆರಳು ಓದುವ ಪುಟದಲ್ಲಿ, ಒಂದು ಹಿಂದಿನ ಟಿಪ್ಪಣಿಯಲ್ಲಿ, ಇನ್ನೊಂದು ನಕಾಶೆಯಲ್ಲಿ. ಫೋನಿನಲ್ಲಿ ಹಾಗೆ ಓದಲು ಹೋಗಿ ನಾನು ಎಲ್ಲಿದ್ದೆ ಎನ್ನುವುದೇ ಮರೆತುಹೋಗುತ್ತಿತ್ತು.

ಕ್ಲಾಸು ಮುಗಿಸಿ ಮೂರೂವರೆಗೆ ನಾನು ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಜರ್ಮನ್ ನಿಘಂಟಿನ ಹಿಂದೆ ಕೈ ಹಾಕಿದರೆ ಪುಸ್ತಕ ಇಲ್ಲ. ಹೋಗಿ ನೋಡಿದರೆ ಅದರ ಸ್ವಂತ ಜಾಗದಲ್ಲಿ, ನಂಬರಿನ ಪ್ರಕಾರ, ನೆಟ್ಟಗೆ ಕೂತಿರುತ್ತಿತ್ತು. ಮರುದಿನ ಬೇರೆ ಕಡೆ ಮುಚ್ಚಿಟ್ಟೆ. ಮತ್ತೆ ಅದೇ ಕಥೆ. ನನ್ನ ಓದಿಗೇನೂ ಅಡ್ಡಿಯಾಗಿರಲಿಲ್ಲ, ಪುಸ್ತಕ ದಿನವೂ ಕೈಗೆ ಸಿಗುತ್ತಿತ್ತು. ಆದರೂ ಸಿಟ್ಟು ನೆತ್ತಿಗೇರಿತು. ನನ್ನ ಪುಸ್ತಕ ಮುಟ್ಟುವ ಧೈರ್ಯ ಯಾರದು? ದಪ್ಪ ಕನ್ನಡಕದ ಒಬ್ಬ ಹುಡುಗನ ಮೇಲೆ ಅನುಮಾನಪಟ್ಟು ಒಂದು ವಾರ ಅವನನ್ನು ದುರುಗುಟ್ಟಿ ನೋಡಿದೆ. ಪಾಪ, ಅವನು ಪತ್ರಿಕೆಯ ಕ್ರೀಡಾ ಪುಟ ಬಿಟ್ಟು ಬೇರೇನೂ ಓದುವವನಲ್ಲ ಎಂದು ಆಮೇಲೆ ತಿಳಿಯಿತು.

ಒಂದು ಶುಕ್ರವಾರ ಹಟಕ್ಕೆ ಬಿದ್ದು, ಈ ಸಲ ದೇವರೇ ಬಂದರೂ ಹುಡುಕಬಾರದು ಎಂದುಕೊಂಡೆ. ಗ್ರಂಥಾಲಯದ ಹಿಂದಿನ ಮೂಲೆಯಲ್ಲಿ ಹರಿದ ಪುಸ್ತಕಗಳ ಒಂದು ರಾಶಿ ತಿಂಗಳುಗಟ್ಟಲೆ ಬಿದ್ದಿತ್ತು. ಅದರ ನಡುವೆ ತೂರಿಸಿ, ಕೈ ಝಾಡಿಸಿಕೊಂಡು ಊರಿಗೆ ಹೋದೆ. ಸೋಮವಾರ ಬಂದು ನೋಡಿದರೆ ಮೂಲೆ ಖಾಲಿ, ನೆಲ ಗುಡಿಸಿ ಒರೆಸಿತ್ತು. ಅಟೆಂಡರನ್ನು ಕೇಳಿದರೆ, ಆ ರಾಶಿ ಶನಿವಾರವೇ ಬೈಂಡಿಂಗಿಗೆಂದು ಹೊಸಪೇಟೆಗೆ ಹೋಯಿತು, ಬರಲು ಒಂದು ತಿಂಗಳಾದರೂ ಬೇಕು ಎಂದ. ಕಿರುಪ್ರಬಂಧ ಒಪ್ಪಿಸಲು ಉಳಿದಿದ್ದು ಹದಿನೈದು ದಿನ.

ಮಂಗಳವಾರ ಕ್ಲಾಸು ತಪ್ಪಿಸಿ ಬೆಳಿಗ್ಗೆಯೇ ಹೋದೆ. ಕೌಂಟರಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ. ಅವಳು ಕೇಳುತ್ತಿದ್ದುದು ಅದೇ ಪುಸ್ತಕ. ಗ್ರಂಥಪಾಲಕರು ಕಪಾಟೆಲ್ಲ ತಡಕಿ ಬಂದು, ಸಿಗುತ್ತಿಲ್ಲ ತಾಯಿ, ಕಳೆದಿದೆ ಅಂತಲೇ ತಿಳಿಯಬೇಕು ಎಂದರು. ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ, ಯಾಕೆಂದು ನನಗೇ ಗೊತ್ತಿಲ್ಲ.

ಅವಳು ಸಂಡೂರು ತಾಲ್ಲೂಕಿನ ವಡ್ಡುವಿನವಳು. ಎರಡು ಬಸ್ಸು ಬದಲಿಸಿ ಬಂದು ಮುಟ್ಟುವಾಗ ಹನ್ನೊಂದಾಗುತ್ತಿತ್ತು, ಮೂರಕ್ಕೆ ಹೊರಟರೆ ಮಾತ್ರ ಹೊತ್ತಿಗೆ ಮನೆ ಸೇರುತ್ತಿದ್ದಳು. ಹೆರಿಗೆಗೆಂದು ಬಿಟ್ಟಿದ್ದ ಎಂ.ಎ.ಯನ್ನು ಈಗ ಮುಗಿಸುತ್ತಿದ್ದಾಳೆ. ಅವಳ ಪ್ರಬಂಧ ಸಂಡೂರು ಗುಡ್ಡದ ಹಳ್ಳಗಳ ಮೇಲೆ. ಮನೆಯಲ್ಲಿ ಎಂಟು ತಿಂಗಳ ಕೂಸಿದೆ. ಮೆಣಸಿನಕಾಯಿ ಬಿಡಿಸುವ ಕೆಲಸ ಶುರುವಾಗುವ ತನಕ ಕೂಸನ್ನು ತಾನು ನೋಡಿಕೊಳ್ಳುತ್ತೇನೆ, ಅಷ್ಟರೊಳಗೆ ಬರೆದು ಮುಗಿಸು ಎಂದು ಅತ್ತೆ ಗಡುವು ಕೊಟ್ಟಿದ್ದಾರೆ. ಆಮೇಲೆ ಅತ್ತೆ ಹೊಲಕ್ಕೆ ಹೋಗಲೇಬೇಕು. ಈ ಸಲ ತಪ್ಪಿದರೆ ಮತ್ತೆ ಬರೆಯುವುದು ಆಗದ ಮಾತು ಎಂದು ಅವಳೇ ಹೇಳಿದಳು. ಹೇಳುತ್ತ ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ನನ್ನ ಕೈಗೂ ಇಟ್ಟಳು.

"ಯಾರೋ ಏನೋ, ದಿನಾ ಒಂದೊಂದು ಕಡೆ ಮುಚ್ಚಿಡ್ತಿದ್ರು. ಯಾವ ಕಪಾಟಿನಾಗ ಧೂಳು ಅಳಿಸೈತಿ ಅಂತ ನೋಡ್ಕೊಂತ ಹೋಗಿ ಹುಡುಕ್ತಿದ್ದೆ. ಒಂದು ತಾಸು ಅದಕ್ಕ ಹೋಗ್ತಿತ್ತು. ಹೋಗುಮುಂದ ಅದರ ಜಾಗಕ್ಕ ಇಟ್ಟು ಹೋಗ್ತಿದ್ದೆ, ಇನ್ನೊಬ್ಬರಿಗೂ ಬೇಕಾಗಿರ್ತೈತಲ್ಲ."

ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟೆ. ಅವಳ ಹೊತ್ತು ಹನ್ನೊಂದರಿಂದ ಮೂರು, ನನ್ನದು ಮೂರೂವರೆಯ ಮೇಲೆ. ಮುಚ್ಚಿಡದಿದ್ದರೂ ಪುಸ್ತಕ ನನಗೆ ಸಿಕ್ಕೇ ಸಿಗುತ್ತಿತ್ತು. ನಾನು ಇಷ್ಟು ದಿನ ಯುದ್ಧ ಮಾಡಿದ್ದು ಪುಸ್ತಕವನ್ನು ನನಗಾಗಿ ಎತ್ತಿಡುತ್ತಿದ್ದವಳ ಮೇಲೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವಳಿಗೆ ಹೇಳುವ ಧೈರ್ಯ ಬರಲಿಲ್ಲ, ಒಳಗೆ ಹೋಗಿ ಗ್ರಂಥಪಾಲಕರಿಗೆ ಹೇಳಿದೆ. ನಿವೃತ್ತಿಗೆ ಹತ್ತಿರವಿದ್ದ, ದನಿ ಏರಿಸದ ಮನುಷ್ಯ. ಎಲ್ಲ ಕೇಳಿ ನನ್ನ ಗ್ರಂಥಾಲಯದ ಕಾರ್ಡು ಇಸಿದುಕೊಂಡು ಡ್ರಾಯರಿಗೆ ಹಾಕಿದರು. ವರ್ಷ ಮುಗಿಯುವ ತನಕ ಒಳಗೆ ಕಾಲಿಡಬೇಡ ಎಂದರು. ತಪ್ಪು ನನ್ನದು, ತಲೆ ತಗ್ಗಿಸಿ ನಿಂತೆ. ಆಮೇಲೆ ಒಂದು ಚೀಟಿ ಬರೆಯತೊಡಗಿದರು. ಈ ಇಬ್ಬರು ವಿದ್ಯಾರ್ಥಿನಿಯರಿಗೆ ನಿಮ್ಮಲ್ಲಿ ಕೂತು ಆ ಪುಸ್ತಕ ಓದಲು ಬಿಡಿ ಎಂದು ಬೈಂಡರಿಗೆ ಬರೆದ ಚೀಟಿ. ನನ್ನನ್ನೂ ಯಾಕೆ ಸೇರಿಸಿದಿರಿ ಸರ್ ಎಂದೆ.

"ಬೈಂಡರ್ ಅಂಗಡಿಗೆ ಕಾರ್ಡ್ ಬೇಕಾಗಂಗಿಲ್ಲ. ಆದ್ರ ಆಕಿಗೆ ಮಾತ್ರ ನಾ ಏನೂ ಹೇಳಂಗಿಲ್ಲ, ನೀನೇ ಹೇಳ್ಬೇಕು" ಎಂದರು. ಅವಳಿಗೆ ಅವರು ತಿಳಿಸಿದ್ದು ಇಷ್ಟೇ, ಪುಸ್ತಕ ಬೈಂಡಿಂಗಿಗೆ ಹೋಗಿದೆ ಅಂತ.

ಹೊಸಪೇಟೆಯ ಬೈಂಡರ್ ಅಂಗಡಿ ಒಂದು ಓಣಿಯೊಳಗೆ ಇತ್ತು. ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಕಲಸಿದ ವಾಸನೆ, ಗೋಡೆಯ ತನಕ ಪುಸ್ತಕ. ಬಿಳಿ ಗಡ್ಡದ ಬೈಂಡರ್ ಚೀಟಿ ಓದಿ, ಬರ್ರಿ, ಕುಂದ್ರಿ ಎಂದು ಚಾಪೆ ಹಾಸಿದರು. ನಮ್ಮ ಪುಸ್ತಕವನ್ನು ತಂದು ಮುಂದಿಟ್ಟಾಗ ಇಬ್ಬರೂ ಹೌಹಾರಿದೆವು. ರಟ್ಟು ಕಿತ್ತಿತ್ತು, ಹೊಲಿಗೆ ಬಿಚ್ಚಿತ್ತು. ಹದಿನಾರು ಹದಿನಾರು ಪುಟಗಳ ಕಟ್ಟುಗಳಾಗಿ, ಬೈಂಡರ್ ಬಾಯಲ್ಲಿ ಅದು ಫಾರಂ, ನೆಲದ ಮೇಲೆ ಸಾಲಾಗಿ ಬಿದ್ದಿತ್ತು. ಇಂಥ ಒಳ್ಳೆಯ ಪುಸ್ತಕದ ಹೊಲಿಗೆ ಸಡಿಲಾಗಿತ್ತು ನೋಡ್ರಿ, ಅದಕ್ಕ ಮೊದಲು ಇದನ್ನೇ ಬಿಚ್ಚಿದೆ ಎಂದು ಅವರು ಹೆಮ್ಮೆಯಿಂದ ಹೇಳಿದರು.

ವಡ್ಡುವಿನ ಅಕ್ಕ ಮೊದಲು ಚೇತರಿಸಿಕೊಂಡಳು. ಹಳ್ಳಗಳ ಅಧ್ಯಾಯದ ಎರಡು ಫಾರಂ ತೆಗೆದುಕೊಂಡು ಗೋಡೆಗೆ ಒರಗಿದಳು. ಕಾಲುವೆಯ ಮೂರು ಫಾರಂ ನಾನು ತೆಗೆದುಕೊಂಡೆ. ಆಗ ನನಗೆ ಹೊಳೆಯಿತು, ಒಂದೇ ಪುಸ್ತಕವನ್ನು ಒಂದೇ ಹೊತ್ತಿಗೆ ಇಬ್ಬರೂ ಓದುತ್ತಿದ್ದೇವೆ. ನಾಲ್ಕು ದಿನ ಹೀಗೇ ಕೂತೆವು. ಮುಗಿದ ಫಾರಂ ಅವಳತ್ತ ದೂಡಿದರೆ ಅವಳದು ನನ್ನತ್ತ ಬರುತ್ತಿತ್ತು. ನಕಾಶೆಯನ್ನು ಬೈಂಡರ್ ತಮ್ಮ ದೊಡ್ಡ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೂ ರಟ್ಟಿನ ತುಂಡು ಹೇರಿದರು. ಕಂಪ್ಲಿಯ ಕಾಲುವೆ ಒಂದು ತುದಿಗೆ, ಸಂಡೂರಿನ ಹಳ್ಳ ಇನ್ನೊಂದು ತುದಿಗೆ. ಇಬ್ಬರೂ ಎರಡು ಕಡೆಯಿಂದ ತೆಳು ಹಾಳೆ ಇಟ್ಟು ಪೆನ್ಸಿಲಿನಲ್ಲಿ ನಕಲು ಇಳಿಸಿಕೊಂಡೆವು. ಅಷ್ಟು ಖುಷಿಯಾಗಿ ನಾನು ಎಂ.ಎ.ಯಲ್ಲಿ ಮತ್ತೆ ಯಾವತ್ತೂ ಓದಲಿಲ್ಲ. ಬೈಂಡರ್ ಬೇರೆ ಪುಸ್ತಕಗಳನ್ನೆಲ್ಲ ಹೊಲಿದು, ನಮ್ಮದನ್ನು ಕೊನೆಗೆ ಉಳಿಸಿಕೊಂಡಿದ್ದರು.

ನಾಲ್ಕನೇ ದಿನ ಅವರು ಸೂಜಿಗೆ ದಾರ ಪೋಣಿಸುವಾಗ ನಾನು ಬಾಯಿಬಿಟ್ಟೆ. ಮುಚ್ಚಿಟ್ಟಿದ್ದು ನಾನು, ಆ ರಾಶಿಯಲ್ಲಿ ತೂರಿಸಿದ್ದೂ ನಾನೇ ಅಕ್ಕ ಎಂದೆ. ಅವಳ ಮುಖ ಕೆಂಪಾಯಿತು. ನಾಲ್ಕು ದಿನ ರೊಟ್ಟಿ ಹಂಚಿಕೊಂಡು ತಿಂದವಳು ನನ್ನನ್ನು ಅಪರಿಚಿತಳ ಹಾಗೆ ನೋಡಿದಳು.

"ನನಗ ಹೇಳಿ ಏನು ಉಪಯೋಗ? ಅಲ್ಲಿ ನಮ್ಮತ್ತಿ ಕೂಸು ಕಟ್ಕೊಂಡು ಕುಂತಾಳ. ಬಂದು ಆಕಿ ಮುಂದ ಹೇಳು."

ಮರುದಿನ ಬೆಳಿಗ್ಗೆಯೇ ವಡ್ಡುವಿಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ನಿಂತುಕೊಂಡೇ ಎಲ್ಲ ಒಪ್ಪಿಸಿದೆ, ಜರ್ಮನ್ ನಿಘಂಟನ್ನೂ ಬಿಡಲಿಲ್ಲ. ಅವರು ಪೂರ್ತಿ ಕೇಳಿ, ಎಷ್ಟು ದಿನ ಹಾಳಾತು ಎಂದು ಸೊಸೆಯನ್ನು ಕೇಳಿದರು. ಹುಡುಕಿದ ತಾಸುಗಳೂ ಸೇರಿ ನಾಲ್ಕು ದಿನ ಎಂದು ಅವಳು ಲೆಕ್ಕ ಹೇಳಿದಳು. ಬೈಗುಳಕ್ಕೆ ನಾನು ಸಿದ್ಧವಾಗಿ ನಿಂತೆ. ಅತ್ತೆ ಎದ್ದು ಬಂದು ಕೂಸನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

"ಹಿಡಿಯವ್ವ. ಆಕಿ ಬರಿಯೋತನಕ ಕೂಸು ನಿಂದು."

ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕೂಸು ನನ್ನ ಜಡೆ ಎಳೆಯಿತು, ಕಿವಿಯೋಲೆ ಜಗ್ಗಿತು, ಹೊಸ ಚೂಡಿದಾರವನ್ನು ಎರಡು ಸಲ ತೋಯಿಸಿತು. ಅತ್ತೆ ಎಲೆಅಡಿಕೆ ಹಾಕಿಕೊಂಡು, ಒಂದು ಬೆರಳನ್ನೂ ಎತ್ತದೆ, ಮಸ್ತ್ ಮಜಾ ತೆಗೆದುಕೊಳ್ಳುತ್ತ ನೋಡುತ್ತಿದ್ದರು. ಓಣಿ ತುಂಬಾ ಎಷ್ಟು ಸಲ ಸುತ್ತಿದೆನೋ. ಸಂಜೆಗೆ ಕೂಸು ನನ್ನ ಹೆಗಲ ಮೇಲೆ ನಿದ್ದೆ ಹೋಯಿತು. ಅಕ್ಕ ಹೊರಗೆ ಬಂದಳು, ಬೆರಳಿಗೆಲ್ಲ ಪೆನ್ನಿನ ಮಸಿ. ಹಳ್ಳದ ಅಧ್ಯಾಯ ಮುಗೀತು ಎಂದು ನನ್ನನ್ನು ನೋಡಿ ನಕ್ಕಳು. ಬೈಂಡರ್ ಅಂಗಡಿಯ ನಂತರ ಅವಳು ನಕ್ಕದ್ದು ಅದೇ ಮೊದಲು, ನನಗೆ ಅಳುವೇ ಬಂತು.

ಕೂಸನ್ನು ಅವಳಿಗೆ ಕೊಟ್ಟು ಬಸ್ಸಿಗೆ ಹೊರಟೆ. ಅತ್ತೆ ಕಟ್ಟೆಯಿಂದಲೇ ಕರೆದರು.

"ಹಾಳಾದ ನಾಕು ದಿನದಾಗ ಒಂದು ತೀರಿತು, ಇನ್ನೂ ಮೂರು ದಿನ ಐತಿ. ನಾಳೆ ಜಲ್ದಿ ಬಾ, ನಿನ್ನ ಬರವಣಿಗಿನೂ ತಗೊಂಡು ಬಾ. ಕೂಸು ಮಲಗಿದಾಗ ನೀನೂ ಬರಿ."