ಕಾ ಕಾ ಎಂದು ಕರೆದವರು

ನಾರ್ತ್ ಯಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಬಾಲ್ಕನಿ ಒಬ್ಬ ಜಪಾನಿ ಮುದುಕರದು. ಯಾವ ಹಕ್ಕಿ ಕೂಗಿದರೂ ಅವರದು ಒಂದೇ ಪ್ರಶ್ನೆ: "ಇನ್ ಯುವರ್ ಲ್ಯಾಂಗ್ವೇಜ್, ಮೇಡಂ?" ಅವರ ಭಾಷೆಯಲ್ಲಿ ಗುಬ್ಬಿ 'ಚುನ್ ಚುನ್' ಅನ್ನುತ್ತಿತ್ತು, ಪಾರಿವಾಳ 'ಪೊಪ್ಪೊ'. ಮೊದಲ ದಿನ ನಾನು "ಟ್ವೀಟ್ ಟ್ವೀಟ್" ಅಂದುಬಿಟ್ಟೆ. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕಲಿಸಿದ್ದು ಅದನ್ನೇ.

ಅವರು ಕೈಯಾಡಿಸಿದರು. "ನೋ, ನೋ. ವಾಟ್ ಡಿಡ್ ಯುವರ್ ಮದರ್ ಸೇ?"

"ಚಿಂವ್ ಚಿಂವ್" ಅಂದೆ. ಅವರು ಕಣ್ಣು ಮುಚ್ಚಿ ಅದನ್ನೇ ಎರಡು ಸಲ ಹೇಳಿಕೊಂಡರು.

ನಮ್ಮ ಯಜಮಾನರ ಮೊದಲ ವರ್ಷದ ತಿಥಿಯಂದು ಬಾಲ್ಕನಿಯಲ್ಲಿ ಅನ್ನದ ಉಂಡೆ ಇಟ್ಟು ನಿಂತೆ. ಗಂಟೆಯಾದರೂ ಎದುರಿನ ಮೇಪಲ್ ಮರದ ಕಾಗೆ ಅಲ್ಲಾಡಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರಿಗೆ ತೃಪ್ತಿಯಿಲ್ಲ ಎನ್ನುತ್ತಾರೆ. ಕರೆಯಲು ಬಾಯಿ ತೆರೆದವಳು ಸೆರಗನ್ನು ಬಾಯಿಗೊತ್ತಿಕೊಂಡೆ.

ಪಕ್ಕದ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ ಮುದುಕರಿಗೆ, "ಲಂಚ್, ಫಾರ್ ಮೈ ಹಸ್ಬೆಂಡ್" ಎಂದಷ್ಟೇ ಹೇಳಿ ಕಾಗೆಯತ್ತ ಕೈ ತೋರಿಸಿದೆ. ಅವರು ಟೋಪಿ ತೆಗೆದರು. ಕಂಬಿಗೆ ಒರಗಿ "ಕಾ! ಕಾ!" ಎಂದು ಕೂಗಿದರು, ಥೇಟ್ ನಮ್ಮಮ್ಮ ಕರೆಯುತ್ತಿದ್ದ ಹಾಗೆ. ಕಾಗೆ ಬಂತು, ಉಂಡೆಗೆ ಬಾಯಿ ಹಾಕಿತು.

"ಇನ್ ಯುವರ್ ಲ್ಯಾಂಗ್ವೇಜ್, ಮೇಡಂ?"

"ಸೇಮ್" ಅಂದೆ, ಕಣ್ಣೊರೆಸಿಕೊಳ್ಳುತ್ತಾ. "ನಮ್ಮಲ್ಲೂ ಅದೇ."

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಮರುವರ್ಷದ ತಿಥಿಗೆ ಎರಡು ಉಂಡೆ ಇಟ್ಟೆ. ನಾನು ಕರೆಯುವ ಮೊದಲೇ ಕಾಗೆ ಕಂಬಿಯ ಮೇಲೆ ಕೂತು 'ಕಾ' ಎಂದಿತು. ನಾನು ಅಭ್ಯಾಸಬಲದಿಂದ ಪಕ್ಕದ ಬಾಲ್ಕನಿಯತ್ತ ತಿರುಗಿ, ಆ ಪ್ರಶ್ನೆಗಾಗಿ ಕಾದೆ.