ಮುತ್ಯಾನ ಕಿವಿ ಹಿಡಿಯುವವರು

ಅಂಗಳದಲ್ಲಿ ಬಿಳಿ ಗುಂಗುರು ಕೂದಲಿನ ರಾಶಿ ಬಿದ್ದಿದೆ. ಬಿಸಿಲಿಗೆ ಅದರಿಂದ ಹಸಿ ಕಂಬಳಿಯಂಥ ವಾಸನೆ ಏಳುತ್ತಿದೆ. ಗುಡಿಸಲೆಂದು ಪೊರಕೆ ಹಿಡಿದು ಬಂದವಳು ಹಾಗೇ ಕುಳಿತೆ... ನಮ್ಮ ಅತ್ತೆಯ ಸೆರಗಿಗೂ ಇದೇ ವಾಸನೆ ಇರುತ್ತಿತ್ತು.

ಹೈದರಾಬಾದಿನ ಗೆಳೆಯರೊಬ್ಬರು ಊರು ಬಿಡುವಾಗ ನನ್ನ ಗಂಡನ ಕೈಗೆ ಒಂದು ನಾಯಿಮರಿ ಕೊಟ್ಟಿದ್ದರು. ಸ್ಟ್ಯಾಂಡರ್ಡ್ ಪೂಡಲ್ ಜಾತಿಯದು. ಮಾನ್ವಿಯ ನಮ್ಮ ಓಣಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. "ಕುರಿ ಯಾವಾಗ ತಂದ್ರಿ?" ಎಂದು ಎದುರು ಮನೆಯವರು ಕೇಳಿದ್ದರು. ಮೂತಿಯ ಗಡ್ಡ ನೋಡಿ ಅತ್ತೆ ಅದನ್ನು ಮುತ್ಯಾ ಎಂದು ಕರೆದರು. ನಮ್ಮ ಕಡೆ ಅಜ್ಜನಿಗೆ ಹಾಗೆನ್ನುತ್ತಾರೆ.

ವರ್ಷ ತುಂಬುವುದರೊಳಗೆ ಮುತ್ಯಾ ಅತ್ತೆಯ ಸೊಂಟದೆತ್ತರ ಬೆಳೆದ. ಬುದ್ಧಿ ಮಾತ್ರ ಇನ್ನೂ ಮರಿಯದೇ. ಅನ್ನದ ತಟ್ಟೆ ಹಿಡಿದು ಅತ್ತೆ "ನಿಲ್ಲು" ಅನ್ನುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು ಅವನು ನಿಂತರೂ ಸಾಕು, ತಟ್ಟೆ ಕೆಳಗಿಟ್ಟು ಬೆನ್ನು ಸವರುತ್ತಿದ್ದರು. ನಿನ್ನೆ ಕಲಿತದ್ದು ಇವತ್ತು ಇರುತ್ತಿರಲಿಲ್ಲ. ನಾನು ಬೇಸತ್ತು, "ಎಲ್ಲಾ ಮರತಾನ್ರೀ" ಎಂದರೆ ಅವರದು ಒಂದೇ ಉತ್ತರ.

"ಮರತಿಲ್ಲವ್ವ, ಮನಸ್ಸು ಆಟಕ್ಕ ಹೋಗ್ಯಾದ. ಮೈ ಓಡಿ ಬಂದದ, ಬುದ್ಧಿ ನಡಕೋಂತ ಬರಾಕತ್ತದ."

ಬಾಗಲವಾಡದಿಂದ ಕುರಿ ಉಣ್ಣೆ ಕತ್ತರಿಸುವವರೊಬ್ಬರು ಆಗಾಗ ಬಂದು ಮುತ್ಯಾನ ಕೂದಲು ತೆಗೆಯುತ್ತಿದ್ದರು. ಆಗ ಅತ್ತೆ ಅವನ ಎರಡೂ ಕಿವಿ ಮೆಲ್ಲಗೆ ಹಿಡಿದು, ಹಣೆಗೆ ಹಣೆ ಹಚ್ಚಿ ಕೂರಬೇಕಿತ್ತು. ಬಿಟ್ಟರೆ ಅರ್ಧ ಕೂದಲಲ್ಲೇ ಬೀದಿಗೆ ಓಡುತ್ತಿದ್ದ.

ಒಂದು ಸಂಜೆ ಸಂತೆಯಿಂದ ಬಂದ ಅತ್ತೆಯ ಮೇಲೆ ಅವನು ಖುಷಿಗೆ ಜಿಗಿದ. ಅವರು ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಮುಂಗೈ ಮುರಿಯಿತು. ರಾಯಚೂರಿಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಮಾವ ಸರಪಳಿ ತಂದಿಟ್ಟಿದ್ದರು. ಕಲ್ಲೂರಿನ ಹಾದಿಯಲ್ಲಿ ಅವರ ಅಕ್ಕಿ ಗಿರಣಿ.

"ನಾಳೆ ಗಿರಣಿಗೆ ಒಯ್ದು ಕಟ್ತೀನಿ. ಇದಕ್ಕ ಬುದ್ಧಿ ಬರೋದಿಲ್ಲ."

"ನಿಮಗ ಬರೋತನಕ ನಾ ಎಷ್ಟು ವರ್ಷ ಕಾದೀನಿ, ಒಂದಿನನಾದ್ರೂ ಕೇಳೀರೇನು?" ಎಂದು ಅತ್ತೆ ನಕ್ಕರು. ಆಮೇಲೆ ದನಿ ಇಳಿಸಿದರು. "ಮುಂದಿನ ಸಲ ಕತ್ತರಿಯಾತ ಬರೋತನಕ ತಡೀರಿ. ಆವಾಗೂ ಹಿಂಗ ಇದ್ರ ಒಯ್ಯಿರಿ."

ಸರಪಳಿ ಗೋಡೆಯ ಗೂಟಕ್ಕೆ ತೂಗಿತು.

ಅತ್ತೆಯ ಮುಂಗೈ ಕೂಡಿತು. ಆದರೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ... ಮಣ್ಣು ಕೊಡಲು ಬಂದವರ ಮೇಲೂ ಮುತ್ಯಾ ಜಿಗಿದ. ಮಾವ ಸರಪಳಿಯ ಕಡೆ ನೋಡಿದರು, ಮುಟ್ಟಲಿಲ್ಲ. "ಆಕಿ ಕೇಳಿದ ಗಡುವು ಇನ್ನೂ ಮುಗದಿಲ್ಲ" ಎಂದರು. ತಟ್ಟೆ ಹಿಡಿದು "ನಿಲ್ಲು" ಅನ್ನುವುದು ನನ್ನ ಪಾಲಿಗೆ ಬಂತು.

ಇವತ್ತು ಕತ್ತರಿಯವರು ಬಂದರು. ಅವರಿಗೆ ಸುದ್ದಿ ತಲುಪಿರಲಿಲ್ಲ. ಚೀಲ ಬಿಚ್ಚುತ್ತ, "ಯವ್ವನ್ನ ಕರೀರಿ, ಕಿವಿ ಹಿಡೀಲಿ" ಎಂದರು. ನಾನು ಮುತ್ಯಾನ ಕಡೆ ತಿರುಗಿ "ನಿಲ್ಲು" ಎಂದಷ್ಟೇ ಅಂದೆ.

ಅವನು ನಿಂತ. ಕತ್ತರಿ ಬೆನ್ನ ಮೇಲೆ ಓಡಿತು, ಕಿವಿಯ ಹತ್ತಿರ ಬಂತು... ನಿಂತೇ ಇದ್ದ. ಹಣೆಯನ್ನು ಮಾತ್ರ ಅತ್ತೆ ಕೂರುತ್ತಿದ್ದ ಜಾಗದ ಕಡೆ ಚಾಚಿದ್ದ.

ಕಟ್ಟೆಯ ಮೇಲಿದ್ದ ಮಾವ ಎದ್ದು, ಗೂಟದಿಂದ ಸರಪಳಿ ತೆಗೆದು ಕತ್ತರಿಯವರ ಚೀಲಕ್ಕೆ ಹಾಕಿದರು.

"ಒಯ್ಯಪ್ಪ, ನಮಗ ಬ್ಯಾಡ."

"ಯವ್ವಾರು ಎಲ್ಲಿ ಹೋಗ್ಯಾರ್ರೀ?"

ಮಾವ ಮುತ್ಯಾನ ಬೋಳು ಬೆನ್ನಿನ ಮೇಲೆ ಕೈಯಿಟ್ಟರು. "ಇದನ್ನ ನೋಡಾಕ ಆಕಿ ಇರಬೇಕಿತ್ತಪ್ಪ" ಎಂದರು.